ಲಿಂಕ್ ಇಲ್ಲದ ಹೊತ್ತಿನಲ್ಲಿ ಗಣಕಗಳ ಮಾತುಕತೆ



ಅಕ್ಕಲಕೋಟೆ ತಾಲೂಕಿನ ಗಡಿಯಂಚಿಗಿರುವ ನಮ್ಮ ಊರಿನಲ್ಲಿ ಒಂದು ಹಾಲಿನ ಡೇರಿ ಇದೆ. ಬೆಳಿಗ್ಗೆ ಆರು ಗಂಟೆಗೆ ಅಲ್ಲಿ ಹೋಗಿ ನಿಂತರೆ ಕನ್ನಡವೂ ಮರಾಠಿಯೂ ಒಟ್ಟಿಗೇ ಕಿವಿಗೆ ಬೀಳುತ್ತವೆ. ಅಫಜಲಪುರ ತಾಲೂಕಿನ ಕಡೆಯಿಂದಲೂ ಕ್ಯಾನು ಹಿಡಿದುಕೊಂಡು ಬರುವವರಿದ್ದಾರೆ. ಎಮ್ಮೆಗೆ ರಾಜ್ಯದ ಗಡಿ ಗೊತ್ತಿಲ್ಲವಷ್ಟೆ. ಹತ್ತು ದಿನಕ್ಕೊಮ್ಮೆ ಹಾಲಿನ ಬಿಲ್ಲು ಆಗುತ್ತದೆ. ರೊಕ್ಕ ಅವರವರ ಬ್ಯಾಂಕಿನ ಖಾತೆಗೆ ಹೋಗುತ್ತದೆ.

ನನ್ನ ತಂಗಿಯ ಮಗ ಸೊಲ್ಲಾಪುರದಲ್ಲಿ ಓದಿ ಕಂಪ್ಯೂಟರ್ ಕಲಿತವನು. ಈ ಡೇರಿಯ ಲೆಕ್ಕದ ತಂತ್ರಾಂಶ, ಅಂದರೆ ಸಾಫ್ಟ್‌ವೇರ್, ಬರೆದವನು ಅವನೇ. ಮೊದಲು ಬಿಲ್ಲಿನ ದಿನ ಡೇರಿಯವರು ಒಂದು ಯಾದಿ ಸಿದ್ಧಮಾಡಿ ಬ್ಯಾಂಕಿಗೆ ಕೊಡುತ್ತಿದ್ದರು, ಮರುದಿನ ರೊಕ್ಕ ಜಮಾ ಆಗುತ್ತಿತ್ತು. ಅಳಿಯನಿಗೆ ಇದು ಹಳೆಯ ಪದ್ಧತಿ ಅನಿಸಿತು. ಡೇರಿಯ ತಂತ್ರಾಂಶವೇ ಬ್ಯಾಂಕಿನ ತಂತ್ರಾಂಶದ ಜೊತೆ ನೇರವಾಗಿ ಮಾತಾಡಲಿ, ಗುಂಡಿ ಒತ್ತಿದ ಕೂಡಲೇ ರೊಕ್ಕ ಹೋಗಲಿ ಎಂದು ಹೊಸ ವ್ಯವಸ್ಥೆ ಮಾಡಿದ. ಎರಡು ಬಿಲ್ಲು ಚೆನ್ನಾಗಿಯೇ ಆದವು. ಮೂರನೆಯ ಬಿಲ್ಲಿನ ದಿನ ಮಳೆ, ಗುಡುಗು. ನಡುವೆ ಲಿಂಕ್ ಹೋಯಿತು. ರಾತ್ರಿ ಒಂಬತ್ತಕ್ಕೆ ಅಳಿಯ ನನ್ನ ಮನೆಗೆ ಬಂದ.

"ಮಾಮಾ, ಬ್ಯಾಂಕಿನಿಂದ ಉತ್ತರಾ ಬರಲಿಲ್ಲ. ಹೋಗಿಲ್ಲ ಅಂತ ತಿಳಕೊಂಡು ಮತ್ತೊಮ್ಮೆ ಕಳಿಸಿದೆ. ಈಗ ನೋಡಿದರ ಹದಿನೇಳು ಮನಿಗೆ ಎರಡೆರಡು ಸಲ ಹೋಗ್ಯಾವು."

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕದ ಮೇಜಿನ ಹಿಂದೆ ಕುಳಿತವನು ನಾನು. ಹೆಚ್ಚಾಗಿ ಹೋದ ರೊಕ್ಕವನ್ನು ತಿರುಗಿ ತರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಕೆಲವರು ಆಗಲೇ ಮೈಂದರ್ಗಿಯ ಸಂತೆ ಮಾಡಿ ಮುಗಿಸಿದ್ದರು. ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ ಎಂದಾಗ ಜಗಳಗಳಾದವು. ಒಬ್ಬ ಅಜ್ಜಿ ಅಂತೂ, "ದೇವರು ಕೊಟ್ಟಾನ, ನೀವ್ಯಾಕ ಕಸಗೋತೀರಿ" ಎಂದು ಕೇಳಿಯೇ ಬಿಟ್ಟಳು. ಅವಳಿಗೆ ಉತ್ತರ ಕೊಡುವುದು ನಮ್ಮಿಂದ ಆಗಲಿಲ್ಲ.

ಒಂದು ತಂತ್ರಾಂಶ ಇನ್ನೊಂದರ ಜೊತೆ ಮಾತಾಡಬೇಕಾದರೆ ಎಷ್ಟು ದಾರಿಗಳಿವೆ, ಯಾವ ಕೆಲಸಕ್ಕೆ ಯಾವ ದಾರಿ ಹಿಡಿಯಬೇಕು ಎಂಬುದನ್ನು ಆ ರಾತ್ರಿ ನಾವಿಬ್ಬರೂ ಕುಳಿತು ವಿಚಾರ ಮಾಡಿದೆವು. ಇಂದು ನಿಮ್ಮ ಮುಂದೆ ಅದನ್ನೇ ಇಡುತ್ತೇನೆ. ಇದು ಕಂಪ್ಯೂಟರ್ ಕಲಿತವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ರೇಡಿಯೋ ಬಂದ್ ಮಾಡಬೇಡಿರಿ. ನಿಮ್ಮ ಹಾಲಿನ ರೊಕ್ಕ, ಹೊಲದ ಉತಾರ, ರೈಲಿನ ಟಿಕೇಟು ಎಲ್ಲವೂ ಈ ಮಾತುಕತೆಯ ಮೇಲೆಯೇ ನಿಂತಿವೆ.

ಮನುಷ್ಯರು ಒಬ್ಬರಿಗೊಬ್ಬರು ಸುದ್ದಿ ತಿಳಿಸುವ ಬಗೆಗಳನ್ನು ನೆನಪಿಗೆ ತಂದುಕೊಳ್ಳಿರಿ. ಯಾದಿ ಬರೆದು ಆಳಿನ ಕೈಯಲ್ಲಿ ಕೊಟ್ಟು ಕಳಿಸುವುದು ಒಂದು. ಇಬ್ಬರೂ ಒಂದೇ ವಹಿಯಲ್ಲಿ ಬರೆಯುವುದು ಇನ್ನೊಂದು. ಫೋನು ಹಚ್ಚಿ ಆಗಿಂದಾಗ್ಗೆ ಕೇಳುವುದು ಮೂರನೆಯದು. ಟಪಾಲು ಡಬ್ಬಿಗೆ ಪತ್ರ ಹಾಕಿ ನಮ್ಮ ಕೆಲಸಕ್ಕೆ ನಾವು ಹೋಗುವುದು ನಾಲ್ಕನೆಯದು. ಗಣಕಗಳಿಗೂ ಇವೇ ದಾರಿಗಳು. 2003 ರಲ್ಲಿ ಗ್ರೆಗರ್ ಹೋಪ್, ಬಾಬಿ ವೂಲ್ಫ್ ಎಂಬಿಬ್ಬರು ಈ ವಿಷಯದ ಮೇಲೆ ಬರೆದ ಪ್ರಸಿದ್ಧ ಗ್ರಂಥದಲ್ಲಿಯೂ ಇವೇ ನಾಲ್ಕು ಬಗೆಗಳಿವೆ: ಕಡತ ಕಳಿಸುವುದು, ಒಂದೇ ದತ್ತಾಂಶ ಭಂಡಾರವನ್ನು ಹಂಚಿಕೊಳ್ಳುವುದು, ನೇರ ಕರೆ, ಸಂದೇಶ. ಟಪಾಲು ಪೇಟಿಗೆ ಬದಲು ಅಲ್ಲಿ ಸಂದೇಶಗಳ ಸಾಲು ಇರುತ್ತದೆ, ಅಷ್ಟೇ ವ್ಯತ್ಯಾಸ.

ಇವುಗಳಲ್ಲಿ ಹೊಸಬರ ಮನಸ್ಸನ್ನು ಸೆಳೆಯುವುದು ನೇರ ಕರೆ. ದೂರದ ಯಂತ್ರದಲ್ಲಿರುವ ಕೆಲಸವನ್ನು ನಮ್ಮ ಯಂತ್ರದಲ್ಲೇ ಇದ್ದಂತೆ ಕರೆಯುವ ಉಪಾಯವನ್ನು ಅಮೇರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದ ಆಂಡ್ರೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984 ರಲ್ಲಿ ವಿವರವಾಗಿ ಬರೆದರು. ಬಹಳ ಅನುಕೂಲದ ಉಪಾಯ ಅದು. ಆದರೆ ಪಕ್ಕದ ಕೋಣೆಯಲ್ಲಿ ಇರುವವನನ್ನು ಕೂಗಿದರೆ ಅವನು ಓಗೊಡುತ್ತಾನೆ, ಇಲ್ಲವೆ ಇಲ್ಲ. ದೂರದವನಿಗೆ ಫೋನು ಹಚ್ಚಿದಾಗ ಮೂರನೆಯದೊಂದು ಸ್ಥಿತಿ ಇದೆ. ನಮ್ಮ ಮಾತು ಅವನಿಗೆ ಕೇಳಿತು, ಅವನು ಕೆಲಸವನ್ನೂ ಮಾಡಿದ, "ಆಯಿತು" ಎಂದು ಹೇಳುವಷ್ಟರಲ್ಲಿ ಲೈನು ಕಡಿಯಿತು. ನಮ್ಮ ಪಾಲಿಗೆ ಕೆಲಸ ಆಗಿಲ್ಲ, ಅವನ ಪಾಲಿಗೆ ಆಗಿದೆ. ಅಳಿಯನಿಗೆ ಆದದ್ದು ಇದೇ. ಅವನು ಮೌನವನ್ನು "ಇಲ್ಲ" ಎಂದು ತಿಳಿದ.

ಯುಪಿಐ ಮೂಲಕ ರೊಕ್ಕ ಕೊಡುವಾಗ ಫೋನಿನಲ್ಲಿ "ಪೆಂಡಿಂಗ್" ಎಂದು ಬರುವುದನ್ನು ನೀವೂ ನೋಡಿದ್ದೀರಿ. ಅದೂ ಇದೇ ಮೂರನೆಯ ಸ್ಥಿತಿ. ಗೊಬ್ಬರದ ಅಂಗಡಿಯಲ್ಲಿ ಗಡಿಬಿಡಿ ಮಾಡಿ ಇನ್ನೊಮ್ಮೆ ಒತ್ತಬಾರದು. ಖಾತೆಯಿಂದ ರೊಕ್ಕ ಕಡಿತವಾಗಿ ಎದುರಿನವರಿಗೆ ಮುಟ್ಟದಿದ್ದರೆ, ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ತಿರುಗಿ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019 ರ ಸೆಪ್ಟೆಂಬರದಲ್ಲಿ ನಿಯಮ ಮಾಡಿದೆ. ಉತ್ತರ ಬಾರದ ಸ್ಥಿತಿ ಬಂದೇ ಬರುತ್ತದೆಂದು ಒಪ್ಪಿಕೊಂಡು ಮಾಡಿದ ನಿಯಮವಿದು.

ಹಾಗಾದರೆ ನೇರ ಕರೆ ಕೆಟ್ಟದ್ದೇ? ಹಾಗೇನಿಲ್ಲ. ರೈಲಿನ ರಿಸರ್ವೇಶನ್ ನೋಡಿರಿ. ಮೊದಲು ನಮ್ಮ ದೇಶದಲ್ಲಿ ದಿಲ್ಲಿ, ಮುಂಬಯಿ, ಕಲಕತ್ತೆ, ಮದ್ರಾಸು, ಸಿಕಂದರಾಬಾದ ಹೀಗೆ ಐದು ಕಡೆ ಬೇರೆ ಬೇರೆ ರಿಸರ್ವೇಶನ್ ಗಣಕಗಳಿದ್ದವು, ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಹೋಗುವ ಟಿಕೇಟು ಸಿಕ್ಕರೂ ತಿರುಗಿ ಬರುವ ಟಿಕೇಟಿಗೆ ತಂತಿ ಹೊಡೆದು ಕಾಯುತ್ತಿದ್ದ ಕಾಲ ಹಿರಿಯ ಕೇಳುಗರಿಗೆ ನೆನಪಿರಬೇಕು. (ಆ ತಂತಿ ಸೇವೆಯೂ 2013 ರ ಜುಲೈದಲ್ಲಿ ನಿಂತುಹೋಯಿತು.) ಕಾನ್ಸರ್ಟ್ ಎಂಬ ತಂತ್ರಾಂಶದಿಂದ 1999 ರ ಹೊತ್ತಿಗೆ ಐದನ್ನೂ ಜೋಡಿಸಿದರು. ಇಲ್ಲಿ ಅವರು ಮಾಡಿದ ಆಯ್ಕೆಯನ್ನು ಗಮನಿಸಬೇಕು. ಐದು ವಹಿಗಳನ್ನು ಕೂಡಿಸಿ ಒಂದು ಮಾಡಲಿಲ್ಲ. ಯಾವ ಗಾಡಿಯ ವಹಿ ಎಲ್ಲಿದೆಯೋ ಅಲ್ಲಿಯೇ ಇರಲಿ, ಬೇರೆ ಊರಿನ ಕಿಟಕಿಯಿಂದ ಕೇಳಿದಾಗ ಆ ಗಣಕವೇ ಉತ್ತರ ಕೊಡಲಿ ಎಂದರು. ಒಂದು ಬರ್ತು ಇಬ್ಬರಿಗೆ ಹೋಗಬಾರದಲ್ಲ, ಆದ್ದರಿಂದ ಅದರ ಲೆಕ್ಕ ಒಬ್ಬನ ಕೈಯಲ್ಲಿಯೇ ಇರಬೇಕು. ಪ್ರಯಾಣಿಕ ಕಿಟಕಿಯ ಮುಂದೆ ನಿಂತಿರುತ್ತಾನೆ, ಆದ್ದರಿಂದ ಉತ್ತರ ಕೂಡಲೇ ಬೇಕು. ಇಂಥಲ್ಲಿ ನೇರ ಕರೆಯೇ ಸರಿ. ಅದಕ್ಕೆ ತೆರಬೇಕಾದ ಬೆಲೆ ಏನೆಂದರೆ, ಆ ಕಡೆಯ ಗಣಕ ಸಿಗದಿದ್ದರೆ ಈ ಕಡೆಯವನು ಕೈಕಟ್ಟಿ ಕೂರಬೇಕು. "ಲಿಂಕ್ ಇಲ್ಲ" ಎಂಬ ಮಾತು ನಮ್ಮ ಹಳ್ಳಿಯ ಭಾಷೆಗೆ ಬಂದದ್ದು ಇಂಥ ಕಿಟಕಿಗಳಿಂದಲೇ.

ಬ್ಯಾಂಕುಗಳ ನಡುವೆ ರೊಕ್ಕ ಹೋಗುವುದರಲ್ಲಿ ಎರಡೂ ದಾರಿಗಳಿವೆ. 2004 ರಲ್ಲಿ ಆರಂಭವಾದ ಆರ್‌ಟಿಜಿಎಸ್ ದೊಡ್ಡ ಮೊತ್ತದ್ದು, ಎರಡು ಲಕ್ಷ ಮತ್ತು ಮೇಲೆ. ಅದರಲ್ಲಿ ಒಂದೊಂದು ವ್ಯವಹಾರವೂ ಆಗಿಂದಾಗ್ಗೆ ಬೇರೆಬೇರೆಯಾಗಿ ಚುಕ್ತಾ ಆಗುತ್ತದೆ. 2005 ರ ಎನ್‌ಇಎಫ್‌ಟಿ ಹಾಗಲ್ಲ. ಪಾವತಿಗಳನ್ನು ಕಂತೆ ಕಟ್ಟಿ, ಕಂತೆಯ ಕೊನೆಗೆ ಬ್ಯಾಂಕುಗಳು ತಮ್ಮೊಳಗೆ ಕೊಡುವುದು ಬರುವುದನ್ನು ವಜಾ ಹಾಕಿ ಉಳಿದ ಬಾಕಿಯನ್ನು ಮಾತ್ರ ಚುಕ್ತಾ ಮಾಡುತ್ತವೆ. ದುಧನಿಯ ಮಾರ್ಕೆಟ್ ಯಾರ್ಡಿನಲ್ಲಿ ಇಬ್ಬರು ಅಡತಿಯವರು ದಿನವಿಡೀ ಚೀಟಿ ಬರೆದುಕೊಂಡು ಸಂಜೆಗೆ ಕೂಡಿ ಲೆಕ್ಕ ಮುಗಿಸುತ್ತಾರಲ್ಲ, ಹಾಗೆ. 2019 ರ ಡಿಸೆಂಬರದಿಂದ ಈ ಕಂತೆ ಅರ್ಧ ಗಂಟೆಗೊಂದರಂತೆ ಹಗಲು ರಾತ್ರಿ ನಡೆಯುತ್ತದೆ. ಕಂತೆ ಎಂದರೆ ಹಿಂದುಳಿದದ್ದು ಎಂದು ಅಳಿಯ ತಿಳಿದಿದ್ದ. ದೇಶದ ಬ್ಯಾಂಕುಗಳೇ ಅದನ್ನು ಇಟ್ಟುಕೊಂಡಿವೆ ಎಂದಾಗ ಸ್ವಲ್ಪ ಮೆತ್ತಗಾದ.

ಒಂದೇ ವಹಿಯಲ್ಲಿ ಇಬ್ಬರು ಬರೆಯುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳು ಹಾಗೆ ನಡೆಯುತ್ತವೆ, ಅಲ್ಲಿ ಒಬ್ಬನೇ ಯಜಮಾನ, ಒಂದೇ ಶಿಸ್ತು. ಆದರೆ ಬೇರೆಯಾದ ಅಣ್ಣತಮ್ಮಂದಿರು ಒಂದೇ ವಹಿ ಇಟ್ಟುಕೊಂಡರೆ ಏನಾಗುತ್ತದೆ? ಅಣ್ಣ ಒಂದು ಕಲಮು ಬದಲಿಸಿದರೆ ತಮ್ಮನ ಲೆಕ್ಕ ಕೆಡುತ್ತದೆ, ಯಾಕೆ ಕೆಟ್ಟಿತೆಂದು ತಮ್ಮನಿಗೆ ತಿಳಿಯುವುದೂ ಇಲ್ಲ. ತಾಲೂಕಿನ ಕೇಂದ್ರದವರು ನಮ್ಮ ಡೇರಿಯ ಗಣಕದೊಳಗಿನ ವಹಿಯನ್ನು ತಾವೇ ತೆರೆದು ನೋಡುತ್ತೇವೆ ಎಂದಾಗ ಅಳಿಯ ಬೇಡವೆಂದದ್ದು ಜಾಣತನ.

ಈಗ ಹೊಲದ ಮಾತಿಗೆ ಬರೋಣ. ನನಗೆ ಎಲ್ಲಕ್ಕಿಂತ ಪಾಠವಾಗಿ ಕಂಡದ್ದು ಇದೇ.

ಕರ್ನಾಟಕದಲ್ಲಿ ಹೊಲದ ಪಹಣಿ ಇರುವುದು ಭೂಮಿ ಎಂಬ ತಂತ್ರಾಂಶದಲ್ಲಿ. ಹೊಸ ಶತಮಾನದ ಆರಂಭದಲ್ಲಿ ಸುಮಾರು ಎರಡು ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದ ಯೋಜನೆ ಅದು. ಖರೀದಿ ನೋಂದಣಿ ಆಗುವುದು ಸಬ್ ರಜಿಸ್ಟ್ರಾರರ ಕಚೇರಿಯಲ್ಲಿ, ಕಾವೇರಿ ಎಂಬ ತಂತ್ರಾಂಶದಲ್ಲಿ. ಎರಡು ಕಚೇರಿ, ಎರಡು ಅಧಿಕಾರ, ಎರಡು ತಂತ್ರಾಂಶ. ಹಿಂದೆ ಖರೀದಿಯಾದ ಮೇಲೆ ಜೆ ಸ್ಲಿಪ್ ಎಂಬ ಕಾಗದ ತಹಸೀಲಿಗೆ ಹೋಗುತ್ತಿತ್ತು. ಅದು ಹೋಗುವ ತನಕ ಪಹಣಿಯಲ್ಲಿ ಮಾರಿದವನ ಹೆಸರೇ ಇರುತ್ತಿತ್ತು, ಅದೇ ಹೊಲವನ್ನು ಇನ್ನೊಬ್ಬರಿಗೆ ತೋರಿಸಿ ಮಾರುವವರಿಗೂ, ಸಾಲ ಎತ್ತುವವರಿಗೂ ದಾರಿ ತೆರೆದಿರುತ್ತಿತ್ತು. ಈಗ ಆ ಜೆ ಸ್ಲಿಪ್ ಗಣಕದಿಂದ ಗಣಕಕ್ಕೆ ಹೋಗುತ್ತದೆ.

ಖರೀದಿ ಪತ್ರಕ್ಕೆ ಸಹಿ ಬೀಳುವ ಮೊದಲು, ಮಾರುವವನ ಹೆಸರು ಪಹಣಿಯಲ್ಲಿ ನಿಜವಾಗಿ ಇದೆಯೇ ಎಂದು ಕಾವೇರಿ ಭೂಮಿಯನ್ನು ಕೇಳಬೇಕು. ಇದಕ್ಕೆ ಉತ್ತರ ಆಗಲೇ ಬೇಕು. ನಾಳೆ ತಿಳಿಸುತ್ತೇನೆ ಎಂದರೆ ನಡೆಯದು. ಉತ್ತರ ಬಾರದಿದ್ದರೆ ಖರೀದಿ ನಿಲ್ಲಬೇಕು, ನಿಂತರೇ ಒಳ್ಳೆಯದು. ಅಂದರೆ ಇದು ಫೋನಿನ ಕೆಲಸ. ಸಹಿಯಾದ ನಂತರದ ಮಾತೇ ಬೇರೆ. ಹೆಸರು ಬದಲಾಗಬೇಕಾದರೆ ನೋಟೀಸು ಕೊಡಬೇಕು, ತಕರಾರು ಇದ್ದವರಿಗೆ ಅವಧಿ ಕೊಡಬೇಕು, ಅಧಿಕಾರಿ ಮಂಜೂರು ಮಾಡಬೇಕು. ಸಬ್ ರಜಿಸ್ಟ್ರಾರರು ಅಷ್ಟು ದಿನ ಕಾಯಲಾಗದು. ಅವರು ಜೆ ಸ್ಲಿಪ್ ಹಾಕಿ ಮುಂದಿನ ಕೆಲಸಕ್ಕೆ ಹೋಗಬೇಕು, ಅದು ತಪ್ಪದೆ ಮುಟ್ಟಬೇಕು. ಇದು ಟಪಾಲಿನ ಕೆಲಸ. ಅವೇ ಎರಡು ತಂತ್ರಾಂಶಗಳ ನಡುವೆ ಒಂದು ಮಾತಿಗೆ ಫೋನು, ಇನ್ನೊಂದು ಮಾತಿಗೆ ಟಪಾಲು. ಯಾರಿಗೂ ಯಾರಿಗೂ ಸಂಬಂಧ ಎಂದು ನೋಡಿ ದಾರಿ ಆರಿಸುವುದಲ್ಲ, ಯಾವ ಮಾತು ಎಂದು ನೋಡಿ ಆರಿಸಬೇಕು. ನಮ್ಮ ಮಹಾರಾಷ್ಟ್ರದಲ್ಲಿಯೂ ನೋಂದಣಿಯ ಐ-ಸರಿತಾದಿಂದ ಈ-ಫೇರಫಾರಕ್ಕೆ ಇದೇ ರೀತಿ ಸುದ್ದಿ ಹೋಗುವ ವ್ಯವಸ್ಥೆ ಇದೆ.

ದಾರಿ ಸರಿಯಾಗಿದ್ದರೆ ಸಾಲದು, ಆಡಿದ ಮಾತಿನ ಅರ್ಥ ಎರಡೂ ಕಡೆ ಒಂದೇ ಆಗಿರಬೇಕು. ಗಡಿಯವರಾದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಕ್ಕಲಕೋಟೆ 1948 ರ ತನಕ ತಾನೇ ಒಂದು ಸಂಸ್ಥಾನ, ಇಂಡಿ ಮುಂಬಯಿ ಪ್ರಾಂತ, ಆಳಂದ ಮತ್ತು ಅಫಜಲಪುರ ನಿಜಾಮನ ಸೀಮೆ. ಆದ್ದರಿಂದಲೇ ಇಂಡಿಯ ರೈತನೂ ನಾವೂ "ಉತಾರ" ಅನ್ನುತ್ತೇವೆ, ಆಳಂದದವನು "ಪಹಣಿ" ಅನ್ನುತ್ತಾನೆ. ಸಾತಬಾರಾದಲ್ಲಿ ಕ್ಷೇತ್ರ ಇರುವುದು ಹೆಕ್ಟೇರ್, ಆರ್ ಲೆಕ್ಕದಲ್ಲಿ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರು, ಒಂದು ಆರ್ ಎಂದರೆ 100. ಎಷ್ಟು ಹತ್ತಿರ! ಹತ್ತಿರ ಇರುವುದರಿಂದಲೇ ಅಪಾಯ. ಎರಡೂ ಒಂದೇ ಎಂದು ತಂತ್ರಾಂಶ ಬರೆದರೆ ಚಿಕ್ಕ ತುಂಡಿನಲ್ಲಿ ತಪ್ಪು ಕಾಣುವುದೇ ಇಲ್ಲ, ಐದು ಹೆಕ್ಟೇರಿಗೆ ಮಾತ್ರ ಸುಮಾರು ಆರು ಗುಂಟೆ ವ್ಯತ್ಯಾಸ ಬರುತ್ತದೆ. ಬದುವಿನ ಮೇಲಿನ ಒಂದು ಗುಂಟೆಗಾಗಿ ಕೋರ್ಟಿಗೆ ಹೋದವರು ನಮ್ಮಲ್ಲಿದ್ದಾರೆ.

ಇಂಥ ತಪ್ಪು ಹಳ್ಳಿಯವರಿಗೆ ಮಾತ್ರ ಆಗುತ್ತದೆ ಅನ್ನಬೇಡಿರಿ. ಮಂಗಳ ಗ್ರಹಕ್ಕೆ ಕಳಿಸಿದ ಅಮೇರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1999 ರ ಸೆಪ್ಟೆಂಬರ 23 ರಂದು ನಾಶವಾಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ತಳ್ಳುವ ಬಲದ ಲೆಕ್ಕವನ್ನು ಹಳೆಯ ಪೌಂಡಿನ ಮಾನದಲ್ಲಿ ಕಡತಕ್ಕೆ ಬರೆಯುತ್ತಿತ್ತು, ಅದನ್ನು ಓದುವವರು ಮೆಟ್ರಿಕ್ ಮಾನದ ನ್ಯೂಟನ್ ಎಂದು ತಿಳಿದು ಓದುತ್ತಿದ್ದರು. ಕಡತ ಸರಿಯಾಗಿಯೇ ಮುಟ್ಟುತ್ತಿತ್ತು. ಅಂಕಿಯ ಮುಂದೆ ಮಾನದ ಹೆಸರು ಒಂದೇ ಆಗಿರಲಿಲ್ಲ.

ಹೆಸರುಗಳದ್ದು ಇನ್ನೊಂದು ಕಥೆ. ನಮ್ಮ ಕನ್ನಡದಲ್ಲಿ ಒ ಬೇರೆ, ಓ ಬೇರೆ. ಮರಾಠಿಯ ಬರವಣಿಗೆಯಲ್ಲಿ ಹ್ರಸ್ವ ಒಕಾರಕ್ಕೆ ಬೇರೆ ಅಕ್ಷರವಿಲ್ಲ. ಹೊನ್ನಪ್ಪ ಎಂಬುವನ ಹೆಸರು ಮರಾಠಿ ದಾಖಲೆಗೆ ಹೋಗಿ ಅಲ್ಲಿಂದ ತಿರುಗಿ ಕನ್ನಡಕ್ಕೆ ಬಂದರೆ "ಹೋನ್ನಪ್ಪಾ" ಆಗಿ ಬರುತ್ತಾನೆ. ಮನುಷ್ಯ ನಕ್ಕು ಸುಮ್ಮನಾಗುತ್ತಾನೆ, ಗಣಕಕ್ಕೆ ಅವರಿಬ್ಬರು ಬೇರೆ ಬೇರೆ ಆಸಾಮಿಗಳು. ಆದ್ದರಿಂದಲೇ ಗಣಕಗಳು ಹೆಸರಿನಿಂದಲ್ಲ, ನಂಬರಿನಿಂದ ಗುರುತು ಹಿಡಿಯಬೇಕು. ಬ್ಯಾಂಕಿನ ಎನ್‌ಇಎಫ್‌ಟಿಯೂ ಹಾಗೆಯೇ ನಡೆಯುತ್ತದೆ, ಖಾತೆಯ ನಂಬರು ನೋಡಿ ಜಮಾ ಮಾಡುತ್ತದೆ. ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಬೇರೆಯವರಿಗೆ ಹೋಗಲೂಬಹುದು. ಅದಕ್ಕಾಗಿ 2025 ರ ಏಪ್ರಿಲ್ ಒಂದರೊಳಗೆ, ರೊಕ್ಕ ಕಳಿಸುವ ಮೊದಲು ಆ ಖಾತೆಯವರ ಹೆಸರನ್ನು ತೋರಿಸುವ ಅನುಕೂಲ ಮಾಡಬೇಕೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಹೇಳಿತು. ಆ ಹೆಸರನ್ನು ಓದದೆ ಗುಂಡಿ ಒತ್ತಬೇಡಿರಿ. ಹೊಸ ಖಾತೆ ತೆಗೆಯುವಾಗ ಇಂಗ್ಲಿಷ್ ಸ್ಪೆಲಿಂಗು ಆಧಾರದಲ್ಲಿ ಇದ್ದಂತೆಯೇ ಬರೆಸಿರಿ. ಎರಡೂ ರಾಜ್ಯದಲ್ಲಿ ಹೊಲ ಇದ್ದವರಿಗಂತೂ ಇದು ಬಹಳ ಮುಖ್ಯ.

ಇನ್ನು ನಮ್ಮ ಡೇರಿಯ ಕಡೆಗೆ ತಿರುಗೋಣ. ಆ ರಾತ್ರಿ ಅಳಿಯ ಕಾಗದದ ಮೇಲೆ ಡೇರಿಯ ಒಂದೊಂದು ಮಾತನ್ನೂ ಬರೆದ. ನಾನು ಒಂದೊಂದಕ್ಕೂ ಎರಡೇ ಪ್ರಶ್ನೆ ಕೇಳುತ್ತ ಹೋದೆ. ಉತ್ತರಕ್ಕಾಗಿ ಯಾರು ಕಾಯುತ್ತ ನಿಂತಿದ್ದಾರೆ? ಉತ್ತರ ಬಾರದೇ ಹೋದರೆ ಏನು ಮಾಡುತ್ತೀ?

ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಗಣಕಕ್ಕೆ ಹೇಳುವ ಮಾತಿಗೆ ಹಾಲು ತಂದವಳು ಕಿಟಕಿಯಲ್ಲಿ ಕಾಯುತ್ತಿದ್ದಾಳೆ. ಅದು ನೇರವಾಗಿಯೇ ಇರಲಿ. ಉತ್ತರ ಬಾರದಿದ್ದರೆ ಚೀಟಿಯನ್ನು ಕೈಯಿಂದ ಬರೆದು ಕೊಡಬಹುದು. ನಮ್ಮ ಊರಿನ ಲೆಕ್ಕ ತಾಲೂಕಿನ ಕೇಂದ್ರಕ್ಕೆ ಹೋಗಬೇಕು. ಅದಕ್ಕಾಗಿ ಯಾರೂ ನಿಂತು ಕಾಯುತ್ತಿಲ್ಲ. ಲಿಂಕ್ ಇಲ್ಲದಾಗ ಸಂದೇಶಗಳು ಇಲ್ಲಿಯ ಗಣಕದಲ್ಲಿಯೇ ಸಾಲಾಗಿ ಕುಳಿತಿರಲಿ, ಲಿಂಕ್ ಬಂದಾಗ ಒಂದೊಂದಾಗಿ ಹೋಗಲಿ, ಮುಟ್ಟಿತೆಂಬ ಪಾವತಿ ಬರುವ ತನಕ ಇಲ್ಲಿಂದ ಅಳಿಸಬಾರದು. ಹತ್ತು ದಿನದ ಬಿಲ್ಲು? ಹತ್ತು ದಿನ ಕಾದವರಿಗೆ ಹತ್ತು ಸೆಕೆಂಡಿನ ಅವಸರ ಯಾತಕ್ಕೆ! ಅದು ಮೊದಲಿನ ಹಾಗೆ ಒಂದೇ ಯಾದಿಯಾಗಿ ಹೋಗಲಿ. ಕೊನೆಯ ಸಾಲಿನಲ್ಲಿ ಒಟ್ಟು ಎಷ್ಟು ಹೆಸರು, ಒಟ್ಟು ಎಷ್ಟು ಮೊತ್ತ ಎಂದು ಬರೆದಿರಲಿ, ಬ್ಯಾಂಕಿನವರು ತಾಳೆ ನೋಡಿ ಯಾರಿಗೆ ಮುಟ್ಟಿತು, ಯಾರಿಗಿಲ್ಲ ಎಂದು ತಿರುಗು ಯಾದಿ ಕೊಡಲಿ.

ಅಳಿಯನ ನಿಜವಾದ ತಪ್ಪು ಬೆಳಕಿಗೆ ಬಂದದ್ದು ಇಲ್ಲಿಯೇ. ಅವನ ತಂತ್ರಾಂಶ ಪ್ರತಿ ಸಲ ಕಳಿಸುವಾಗಲೂ ಹೊಸ ನಂಬರು ಹಾಕುತ್ತಿತ್ತು. ಎರಡನೆಯ ಸಲ ಬಂದದ್ದು ಬೇರೆಯೇ ಪಾವತಿ ಎಂದು ಬ್ಯಾಂಕಿನ ಗಣಕ ತಿಳಿದದ್ದರಲ್ಲಿ ಅದರ ತಪ್ಪೇನೂ ಇಲ್ಲ. ಒಂದು ಬಿಲ್ಲಿಗೆ ಒಂದು ನಂಬರು, ಹತ್ತು ಸಲ ಕಳಿಸಿದರೂ ಅದೇ ನಂಬರು, ಒಮ್ಮೆ ಬಂದ ನಂಬರು ಮತ್ತೆ ಬಂದರೆ ಬ್ಯಾಂಕು ಸ್ವೀಕರಿಸಬಾರದು ಎಂದು ಎರಡೂ ಕಡೆ ಒಪ್ಪಂದ ಮಾಡಿಕೊಂಡರು. ಅಷ್ಟಾದ ಮೇಲೆ ಉತ್ತರ ಬರಲಿಲ್ಲವೆಂದು ಮತ್ತೊಮ್ಮೆ ಕಳಿಸುವುದಕ್ಕೆ ಅಂಜಿಕೆ ಉಳಿಯಲಿಲ್ಲ.

ಮುಂದೆ ಶ್ರಾವಣದಲ್ಲಿ ಒಂದು ಬಿಲ್ಲಿನ ದಿನ ಮತ್ತೆ ನಡುವೆಯೇ ಲಿಂಕ್ ಹೋಯಿತು. ಅಳಿಯ ಅರ್ಧ ಗಂಟೆ ಬಿಟ್ಟು ಅದೇ ಯಾದಿಯನ್ನು ಅದೇ ನಂಬರಿನಿಂದ ಇನ್ನೊಮ್ಮೆ ಕಳಿಸಿದ. ಈ ಯಾದಿ ಮೊದಲೇ ಬಂದಿದೆ ಎಂದು ಬ್ಯಾಂಕಿನಿಂದ ಉತ್ತರ ಬಂತು. ಮರುದಿನ ಬೆಳಿಗ್ಗೆ ಆ ಅಜ್ಜಿ ಪಾಸಬುಕ್ಕು ಹಿಡಿದುಕೊಂಡು ಡೇರಿಗೆ ಬಂದು, "ಯಾಕಪಾ ತಮ್ಮಾ, ಈ ಸಲ ಒಂದ ಸಲಾನ ಬಂತಲ್ಲ?" ಎಂದು ಕೇಳಿದಳಂತೆ.